ಶಂಕರಘಟ್ಟದಲ್ಲಿ ಎಂಎಸ್ಸಿ ಮುಗಿಸಿ ಎಚ್‌ಐವಿ ಚಿಕಿತ್ಸೆಯ ಸಂಶೋಧನೆಗೆ ಹೋಗಬಹುದೇ?

ಖಂಡಿತ ಹೋಗಬಹುದು. ಅಲ್ಲಿರುವ ಕುವೆಂಪು ವಿವಿಯ ಮೈಕ್ರೋಬಯಾಲಜಿ ಅಥವಾ ಬಯೋಟೆಕ್ನಾಲಜಿ ಎಂಎಸ್ಸಿ ಸಾಕು. ಮುಂದಿನದು ಸಿಎಸ್‌ಐಆರ್-ಯುಜಿಸಿ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ. ಅದರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂ., ಮೇಲೆ ಮನೆಬಾಡಿಗೆ ಭತ್ಯೆ. ಪಿಎಚ್‌ಡಿಗೆ ಐದಾರು ವರ್ಷ ಹಿಡಿಯುತ್ತದೆ. ಪುಣೆಯಲ್ಲಿ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಏಡ್ಸ್ ಸಂಶೋಧನಾ ಸಂಸ್ಥೆ 1992ರಿಂದಲೇ ಇದೆ, ಮೊದಲು ಅದನ್ನು ನೋಡಿ.

ವಿಷಯ ಆರಿಸುವಾಗ ಒಂದು ಮಾತು ನೆನಪಿರಲಿ: ನಮ್ಮಲ್ಲಿ ಹೆಚ್ಚಾಗಿರುವುದು ವೈರಸ್‌ನ ‘ಸಿ’ ಉಪಪ್ರಕಾರ, ಅಮೆರಿಕ-ಯುರೋಪಿನಲ್ಲಿ ‘ಬಿ’. ಔಷಧಗಳ ಆರಂಭದ ಅಧ್ಯಯನ ಬಹುಪಾಲು ‘ಬಿ’ ಮೇಲೆಯೇ ಆಗಿದೆ. ಹಾಗಾಗಿ ‘ಸಿ’ಯಲ್ಲಿ ಔಷಧ ನಿರೋಧಕತೆ ಹೇಗೆ ಹುಟ್ಟುತ್ತದೆ ಎನ್ನುವುದು ನಮ್ಮವರೇ ಮಾಡಬೇಕಾದ ಕೆಲಸ.

ಲ್ಯಾಬಿನಲ್ಲಿ ಎಡವುವುದು ಬಹಳ ಸಣ್ಣ ಕಡೆ. ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಪರೀಕ್ಷೆಗೆ ರಕ್ತವನ್ನು ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿಗೆ ತೆಗೆದು, ಮೆಲ್ಲಗೆ ಎಂಟು-ಹತ್ತು ಸಲ ಮಗುಚಬೇಕು. ಕುಲುಕಿದರೆ ಕೆಂಪು ರಕ್ತಕಣ ಒಡೆಯುತ್ತದೆ. 24 ಗಂಟೆಯೊಳಗೆ ಪ್ಲಾಸ್ಮಾ, ಅಂದರೆ ರಕ್ತಕಣಗಳಿಲ್ಲದ ದ್ರವಭಾಗ, ಬೇರ್ಪಡಿಸಲೇಬೇಕು. ತಡವಾದರೆ ವೈರಸ್‌ನ ಆನುವಂಶಿಕ ವಸ್ತುವಾದ ಆರ್‌ಎನ್‌ಎ ಹಾಳಾಗಿ ವೈರಸ್ ಸಂಖ್ಯೆ ಕಡಿಮೆ ಕಾಣುತ್ತದೆ, ಸೋತ ಚಿಕಿತ್ಸೆ ಗೆದ್ದಂತೆ ತೋರುತ್ತದೆ. ಹೊಸನಗರದಂಥ ಮಲೆನಾಡಿನ ಕಡೆಯಿಂದ ಮಳೆಗಾಲದಲ್ಲಿ ಸ್ಯಾಂಪಲ್ ತರಿಸುವುದಾದರೆ ಪ್ಲಾಸ್ಮಾ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರ ಅಲ್ಲಿಯೇ ಇರಲಿ.