9950ಎಕ್ಸ್ ಕೊಳ್ಳಲೋ, 285ಕೆ ಕೊಳ್ಳಲೋ?

ನೀವು ಕೇಳಿದ್ದು ಇಷ್ಟು. ದಿನವಿಡೀ ಸಿ ಪ್ಲಸ್ ಪ್ಲಸ್ ಕೋಡ್ ಕಂಪೈಲ್ ಮಾಡುತ್ತೀರಿ, ವಾರದ ಕೊನೆಗೆ 4ಕೆ ವಿಡಿಯೋ ಎಡಿಟ್ ಮಾಡುತ್ತೀರಿ, ರಾತ್ರಿ ಒಂದಿಷ್ಟು ಗೇಮ್. ಆರು ವರ್ಷ ಬಾಳುವ ಡೆಸ್ಕ್‌ಟಾಪ್ ಬೇಕು. ಅದಕ್ಕೆ ಪ್ರೊಸೆಸರ್ ಆಗಿ ಎಎಂಡಿಯ ರೈಜನ್ 9 9950ಎಕ್ಸ್ ಒಳ್ಳೆಯದೋ, ಇಂಟೆಲ್‌ನ ಕೋರ್ ಅಲ್ಟ್ರಾ 9 285ಕೆ ಒಳ್ಳೆಯದೋ ಅಂತ ಒಂದು ತಿಂಗಳಿಂದ ಒದ್ದಾಡುತ್ತಿದ್ದೀರಿ.

ನನ್ನ ಮೇಜಿನ ಕೆಳಗಿರುವುದು 9950ಎಕ್ಸ್. ನನ್ನ ತಮ್ಮನ ಹತ್ತಿರ ಇರುವುದು 285ಕೆ, ಅವನ ಹೊಟ್ಟೆಪಾಡೇ ವಿಡಿಯೋ ಎಡಿಟಿಂಗ್. ಎರಡನ್ನೂ ಜೋಡಿಸಿದ್ದು ನಾನೇ. ನಿಮ್ಮ ಜಾಗದಲ್ಲಿ ನಾನಿದ್ದರೆ 9950ಎಕ್ಸ್ ಕೊಳ್ಳುತ್ತೇನೆ. ಒಂದೇ ಒಂದು ಕಾರಣಕ್ಕೆ ಮನಸ್ಸು ಬದಲಾಯಿಸಿಯೇನು, ಅದು ನಿಮ್ಮ ಕ್ಯಾಮೆರಾ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಂಪೈಲ್ ವಿಷಯ. 9950ಎಕ್ಸ್‌ನಲ್ಲಿ 16 ಕೋರ್ (ಲೆಕ್ಕ ಮಾಡುವ ಘಟಕ), 32 ಥ್ರೆಡ್ (ಒಟ್ಟಿಗೆ ಓಡಿಸಬಲ್ಲ ಕೆಲಸದ ಎಳೆ). ಹದಿನಾರೂ ಒಂದೇ ಜಾತಿಯವು. 285ಕೆಯಲ್ಲಿ ಕೋರ್ 24, ಆದರೆ ದೊಡ್ಡವು 8, ಚಿಕ್ಕವು 16. ಇಂಟೆಲ್‌ನ ಹಿಂದಿನ ಐ9 ಚಿಪ್‌ಗಳಲ್ಲಿದ್ದ ಹೈಪರ್‌ಥ್ರೆಡಿಂಗ್, ಅಂದರೆ ಒಂದು ಕೋರ್‌ನಲ್ಲಿ ಎರಡು ಥ್ರೆಡ್ ಓಡಿಸುವ ಉಪಾಯ, ಇದರಲ್ಲಿ ಇಲ್ಲ, ಹಾಗಾಗಿ ಥ್ರೆಡ್ ಕೂಡ 24. ಚಿಕ್ಕವು ಅಂತ ಹಗುರವಾಗಿ ನೋಡಬೇಡಿ, ಈ ಪೀಳಿಗೆಯಲ್ಲಿ ಅವು ಗಟ್ಟಿಯಾಗಿಯೇ ದುಡಿಯುತ್ತವೆ. ದೊಡ್ಡ ಪ್ರಾಜೆಕ್ಟನ್ನು ಮೊದಲಿಂದ ಬಿಲ್ಡ್ ಮಾಡುವಾಗ 9950ಎಕ್ಸ್ ಸ್ವಲ್ಪ ಮುಂದಿರುತ್ತದೆ. ಸ್ವಲ್ಪ ಅಂದರೆ ಸ್ವಲ್ಪವೇ.

ಆದರೆ ದಿನಕ್ಕೆ ಎಷ್ಟು ಸಲ ಪೂರ್ತಿ ಬಿಲ್ಡ್ ಮಾಡುತ್ತೀರಿ ಹೇಳಿ? ಒಂದು ಫೈಲ್ ತಿದ್ದಿ ಮತ್ತೆ ಬಿಲ್ಡ್ ಕೊಟ್ಟಾಗ ನಡೆಯುವುದು ಒಂದೆರಡು ಕಂಪೈಲ್, ಆಮೇಲೆ ಲಿಂಕ್, ಅಂದರೆ ಕಂಪೈಲ್ ಆದ ತುಂಡುಗಳನ್ನೆಲ್ಲ ಒಂದು ಪ್ರೋಗ್ರಾಮ್ ಆಗಿ ಜೋಡಿಸುವುದು. ಲಿಂಕರ್ ಹಳೆಯದಾದರೆ ಒಂದೇ ಕೋರ್ ಹಿಡಿದುಕೊಂಡು ಕೂರುತ್ತದೆ, ಉಳಿದ ಹದಿನೈದು ಸುಮ್ನೆ ನೋಡುತ್ತಿರುತ್ತವೆ. ನಾನು ಹಳೆಯ ಲಿಂಕರ್ ಬಿಟ್ಟು ಮೋಲ್ಡ್ ಅನ್ನುವ ವೇಗದ ಲಿಂಕರ್‌ಗೆ ಬಂದ ದಿನ ನನಗೆ ಉಳಿದ ಸಮಯ, ಹೊಸ ಪ್ರೊಸೆಸರ್ ಉಳಿಸಿಕೊಟ್ಟದ್ದಕ್ಕಿಂತ ಜಾಸ್ತಿ. ಹೊಸ ಮಶಿನ್ ಬರುವವರೆಗೆ ಕಾಯಬೇಕಾಗಿಯೂ ಇಲ್ಲ, ಇವತ್ತೇ ಮಾಡಿ ನೋಡಿ.

ಇನ್ನು ರ‍್ಯಾಮ್. ಪ್ರೊಸೆಸರ್ ಬಗ್ಗೆ ತಿಂಗಳುಗಟ್ಟಲೆ ಯೋಚಿಸಿ ರ‍್ಯಾಮನ್ನು ಐದು ನಿಮಿಷದಲ್ಲಿ ಆರಿಸುತ್ತೇವೆ, ನಾನೂ ಅದನ್ನೇ ಮಾಡಿದ್ದು. 32 ಥ್ರೆಡ್ ಅಂದರೆ 32 ಕಂಪೈಲರ್‌ಗಳು ಒಟ್ಟಿಗೆ ಓಡುತ್ತವೆ. ಟೆಂಪ್ಲೇಟ್ ತುಂಬಿದ ಫೈಲುಗಳಾದರೆ ಒಂದೊಂದೂ 1-2 ಜಿಬಿ ನುಂಗಬಹುದು. ನನ್ನ 64 ಜಿಬಿ ಸಾಲದಾಯಿತು. ಇದ್ದ ಎರಡು 32ರ ಸ್ಟಿಕ್‌ಗಳ ಪಕ್ಕ ಅದೇ ಮಾದರಿಯ ಇನ್ನೆರಡು ಚುಚ್ಚಿದೆ. 128 ಆಯಿತಲ್ಲ ಅಂತ ಖುಷಿ.

ಆನ್ ಮಾಡಿದರೆ ಪರದೆ ಕಪ್ಪು. ಫ್ಯಾನ್ ತಿರುಗುತ್ತಿದೆ, ಬೋರ್ಡಿನ ಮೂಲೆಯಲ್ಲಿ ಹಳದಿ ದೀಪ ಒಂದೇ ಸಮ ಉರಿಯುತ್ತಿದೆ, ಬೇರೇನೂ ಇಲ್ಲ. ಎರಡು ನಿಮಿಷ ಕಾದು ಆಫ್ ಮಾಡಿದೆ. ಮತ್ತೆ ಆನ್, ಮತ್ತೆ ಕಪ್ಪು. ಹೀಗೆ ನಾಲ್ಕೈದು ಸಲ. ಆಮೇಲೆ ಗೊತ್ತಾಯಿತು, ಡಿಡಿಆರ್5 ರ‍್ಯಾಮ್ ಹೊಸದಾಗಿ ಹಾಕಿದಾಗ ಬೋರ್ಡ್ ಅದರ ಜೊತೆ ಹೊಂದಿಕೊಳ್ಳಲು ಸಮಯ ತೆಗೆದುಕೊಳ್ಳುತ್ತದೆ. ಮೆಮೊರಿ ಟ್ರೈನಿಂಗ್ ಅನ್ನುತ್ತಾರೆ. ನಾನು ಪ್ರತಿ ಸಲವೂ ಅರ್ಧಕ್ಕೇ ಕತ್ತು ಹಿಸುಕುತ್ತಿದ್ದೆ.

ಕೊನೆಗೂ ಬೂಟ್ ಆಯಿತು. ಬೋರ್ಡಿನ ಸೆಟ್ಟಿಂಗ್ ಇರುವ ಬಯೋಸ್‌ಗೆ ಹೋಗಿ, ಎರಡು ಸ್ಟಿಕ್ ಇದ್ದಾಗ ಓಡುತ್ತಿದ್ದ 6000ದ ವೇಗಕ್ಕೇ ರ‍್ಯಾಮನ್ನು ಮತ್ತೆ ಏರಿಸಿದೆ. ಎರಡು ದಿನ ಎಲ್ಲ ಸರಿ. ಮೂರನೇ ದಿನ ಬಿಲ್ಡ್ ಮಧ್ಯೆ ಕಂಪೈಲರ್ ಕ್ರ್ಯಾಶ್. ಮತ್ತೆ ಬಿಲ್ಡ್ ಕೊಟ್ಟರೆ ಅದೇ ಫೈಲ್ ಸಲೀಸಾಗಿ ದಾಟಿ, ಇನ್ಯಾವುದೋ ಫೈಲಿನಲ್ಲಿ ಕ್ರ್ಯಾಶ್. ತಪ್ಪು ಕೋಡಿನದ್ದಾದರೆ ಪ್ರತಿ ಸಲ ಒಂದೇ ಸಾಲಿನಲ್ಲಿ ಬೀಳಬೇಕು. ಹೀಗೆ ಜಾಗ ಬದಲಾಯಿಸುತ್ತಾ ಬಿದ್ದರೆ ಹಾರ್ಡ್‌ವೇರ್ ಮೇಲೆ ಅನುಮಾನ ಪಡಬೇಕು. ನಾನು ಪಟ್ಟೆ, ಆದರೆ ಪ್ರೊಸೆಸರ್ ಮೇಲೆ! ವಾಪಸ್ ಕಳಿಸಲು ಡಬ್ಬ ಕೂಡ ಹುಡುಕಿ ಇಟ್ಟಿದ್ದೆ. ರಾತ್ರಿ ಮಲಗುವಾಗ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿಟ್ಟೆ. ಬೆಳಗ್ಗೆ ಎದ್ದು ನೋಡಿದರೆ ಪರದೆ ತುಂಬಾ ಕೆಂಪು ಸಾಲುಗಳು, ಎಲ್ಲ ಮೆಮೊರಿಯ ತಪ್ಪುಗಳೇ.

ಆಗ ಎಎಂಡಿಯ ಪಟ್ಟಿ ಓದಿದೆ. ಎರಡು ಸ್ಟಿಕ್ ಹಾಕಿದರೆ 9950ಎಕ್ಸ್‌ಗೆ ಕಂಪನಿ ಹೇಳುವ ವೇಗ 5600, ನಾಲ್ಕು ಹಾಕಿದರೆ 3600. ಇಳಿಸಿದೆ, ಕ್ರ್ಯಾಶ್ ನಿಂತಿತು. ಇಂಟೆಲ್ ಕಡೆ ಹೋದರೂ ನಾಲ್ಕು ಸ್ಟಿಕ್ಕಿಗೆ ವೇಗ ಇಳಿಯುವುದು ತಪ್ಪದು. ಹಾಗಾಗಿ ಯಾವುದನ್ನೇ ಕೊಳ್ಳಿ, ರ‍್ಯಾಮ್ ಎರಡೇ ಸ್ಟಿಕ್ ಇರಲಿ. ಮೊದಲೇ ಎರಡು 48 ಜಿಬಿಯವು ಹಾಕಿದರೆ 96 ಆಗುತ್ತದೆ. ನಿಮ್ಮ ಕೆಲಸಕ್ಕೆ ಧಾರಾಳ.

ಈಗ ಕ್ಯಾಮೆರಾ. ನಿಮ್ಮ ಕ್ಯಾಮೆರಾ 10 ಬಿಟ್ 4:2:2 ಎಚ್‌ಇವಿಸಿಯಲ್ಲಿ, ಅಂದರೆ ಬಣ್ಣದ ವಿವರ ಹೆಚ್ಚು ಉಳಿಸಿಕೊಂಡು ಕುಗ್ಗಿಸಿದ ವಿಡಿಯೋ ರೂಪದಲ್ಲಿ, ರೆಕಾರ್ಡ್ ಮಾಡುತ್ತದೆಯೇ? ಬಣ್ಣ ತಿದ್ದುವವರಿಗೆ ಅದು ಇಷ್ಟ, ಕಂಪ್ಯೂಟರಿಗೆ ಕಷ್ಟ. ತಮ್ಮ ಒಂದು ಸಲ ಅವನ ಫೈಲುಗಳನ್ನು ನನ್ನ ಮಶಿನ್ನಿಗೆ ಹಾಕಿದ. ಟೈಮ್‌ಲೈನ್ ಮೇಲೆ ಮೌಸ್ ಎಳೆದರೆ ಚಿತ್ರ ತಡವರಿಸುತ್ತಾ ಬರುತ್ತಿತ್ತು. 32 ಥ್ರೆಡ್ ಉರಿಯುತ್ತಿವೆ, ಗ್ರಾಫಿಕ್ಸ್ ಕಾರ್ಡ್ ತಣ್ಣಗೆ ಕೂತಿದೆ. ಅವನ 285ಕೆಯಲ್ಲಿ ಅದೇ ಫೈಲ್ ಬೆಣ್ಣೆಯ ಹಾಗೆ ಜಾರುತ್ತದೆ. ಕಾರಣ ಕೋರ್‌ಗಳಲ್ಲ. ಇಂಟೆಲ್ ಚಿಪ್ಪಿನೊಳಗಿರುವ ಗ್ರಾಫಿಕ್ಸ್‌ನಲ್ಲಿ ಕ್ವಿಕ್ ಸಿಂಕ್ ಅಂತ ಒಂದು ಭಾಗವಿದೆ, ಈ 4:2:2 ಬಿಚ್ಚುವ ಕೆಲಸವನ್ನು ಅದು ಪ್ರತ್ಯೇಕವಾಗಿ ನೋಡಿಕೊಳ್ಳುತ್ತದೆ. 9950ಎಕ್ಸ್‌ನಲ್ಲೂ ಪುಟ್ಟ ಗ್ರಾಫಿಕ್ಸ್ ಇದೆ, ಆದರೆ ಅದಕ್ಕೆ ಈ ವಿದ್ಯೆ ಬರುವುದಿಲ್ಲ. ಎನ್ವಿಡಿಯಾದ 40 ಸರಣಿಯ ಕಾರ್ಡುಗಳಿಗೂ ಬರುವುದಿಲ್ಲ. 2025ರಲ್ಲಿ ಬಂದ 50 ಸರಣಿಗೆ ಬರುತ್ತದೆ, ಅದು ನಿಮ್ಮ ಹತ್ತಿರ ಇದ್ದರೆ ಈ ವಾದವೇ ಬಿದ್ದುಹೋಯಿತು. ಇಲ್ಲವಾದರೆ, ವಾರಕ್ಕೆರಡು ದಿನ ಇಂಥ ಫೈಲುಗಳ ಜೊತೆಯೇ ಕಳೆಯುವುದಾದರೆ, ಹಿಂದೆ ಮುಂದೆ ನೋಡದೆ 285ಕೆ ಕೊಳ್ಳಿ. ಫೋನಿನಲ್ಲಿ ತೆಗೆದ ಮಾಮೂಲಿ 4:2:0 ವಿಡಿಯೋಗೆ ಎರಡೂ ಸರಿ.

ಗೇಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 4ಕೆ ಪರದೆಯಲ್ಲಿ ಆಡಿದರೆ ಭಾರವೆಲ್ಲ ಗ್ರಾಫಿಕ್ಸ್ ಕಾರ್ಡಿನ ಮೇಲೆ, ಪ್ರೊಸೆಸರ್ ಯಾವುದಿದ್ದರೂ ನಡೆಯುತ್ತದೆ. 2024ರ ಅಕ್ಟೋಬರಿನಲ್ಲಿ ಬಂದಾಗ 285ಕೆ ಹಲವು ಗೇಮ್‌ಗಳಲ್ಲಿ ಹಿಂದಿನ ಪೀಳಿಗೆಯ ತನ್ನ ಅಣ್ಣ 14900ಕೆಗಿಂತಲೂ ಹಿಂದೆ ಬಿದ್ದು ನಗೆಪಾಟಲಾಗಿದ್ದು ನಿಜ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅನ್ನುವ ಹಾಗೆ 16 ಕೋರೂ ಬೇಕು, ಗೇಮಿನಲ್ಲೂ ಮೊದಲ ಸಾಲಿನಲ್ಲಿರಬೇಕು ಅಂದರೆ, ನಿಮ್ಮ ಪಟ್ಟಿಯಲ್ಲಿಲ್ಲದ 9950ಎಕ್ಸ್3ಡಿ ಇದೆ. ಅದೇ ಚಿಪ್, ಎಲ್3 ಕ್ಯಾಶೆ (ಚಿಪ್ಪಿನೊಳಗಿನ ವೇಗದ ಮೆಮೊರಿ) ಮಾತ್ರ 64 ಎಂಬಿಯ ಬದಲು 128 ಎಂಬಿ. ಹೆಚ್ಚುವರಿ ಕ್ಯಾಶೆ ಎಂಟು ಕೋರ್‌ಗಳ ಒಂದು ಗುಂಪಿಗೆ ಮಾತ್ರ ಅಂಟಿಕೊಂಡಿದೆ, ಗೇಮನ್ನು ಆ ಗುಂಪಿಗೇ ಕಳಿಸಲು ವಿಂಡೋಸ್ ಮತ್ತು ಡ್ರೈವರ್ ಎರಡೂ ಸರಿಯಾಗಿರಬೇಕು. ಒಂದಿಷ್ಟು ಗೇಮ್ ಆಡುವವರಿಗೆ ಆ ತಲೆನೋವು ಬೇಡ ಅನ್ನುತ್ತೇನೆ.

ಆರು ವರ್ಷದ ಮಾತು ಬಂತಲ್ಲ. ನಾನು 9950ಎಕ್ಸ್ ಕಡೆ ವಾಲಲು ದೊಡ್ಡ ಕಾರಣ ಅದರ ಎಎಂ5 ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. 2022ರಲ್ಲಿ ಬಂದದ್ದು, 2027ರವರೆಗಾದರೂ ನಡೆಸುತ್ತೇವೆ ಅಂತ ಎಎಂಡಿ ಹೇಳಿದೆ. ಅದಕ್ಕೂ ಮುಂಚಿನ ಎಎಂ4 ಬೋರ್ಡುಗಳ ಕಥೆ ನೋಡಿ, 2017ರಲ್ಲಿ ಕೊಂಡ ಎಷ್ಟೋ ಬೋರ್ಡುಗಳಿಗೆ ಬಯೋಸ್ ಅಪ್‌ಡೇಟ್ ಮಾಡಿ 2022ರ 5800ಎಕ್ಸ್3ಡಿ ಕೂರಿಸಿದವರಿದ್ದಾರೆ. ಇಂಟೆಲ್ 2020, 2021, 2024 ಹೀಗೆ ಸಾಕೆಟ್ ಬದಲಾಯಿಸುತ್ತಾ ಬಂದಿದೆ. ಮಧ್ಯದಲ್ಲಿ ಪ್ರೊಸೆಸರ್ ಬದಲಾಯಿಸುವ ಯೋಚನೆಯೇ ಇಲ್ಲ ಅಂದರೆ ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹಾಗೇ, ಯಾರಾದರೂ ಇಂಟೆಲ್‌ನ ಹಿಂದಿನ ಪೀಳಿಗೆಯ, ಬಳಸಿದ 13900ಕೆ ಅಥವಾ 14900ಕೆ ತೋರಿಸಿ ಆಸೆ ಹುಟ್ಟಿಸಿದರೆ ದೂರ ಇರಿ. ಅವುಗಳಲ್ಲಿ ವೋಲ್ಟೇಜ್ ಜಾಸ್ತಿಯಾಗಿ ಚಿಪ್ ಸವೆಯುವ ತೊಂದರೆ ಇತ್ತು. 2024ರಲ್ಲಿ ಇಂಟೆಲ್ ಚಿಪ್ಪಿನೊಳಗಿನ ಮೈಕ್ರೋಕೋಡ್ ಅನ್ನುವ ತಂತ್ರಾಂಶಕ್ಕೆ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆದರೆ ಮೊದಲೇ ಸವೆದಿದ್ದು ತಿದ್ದುಪಡಿಯಿಂದ ವಾಪಸ್ ಬರುವುದಿಲ್ಲ. 285ಕೆಗೆ ಈ ತೊಂದರೆ ಇಲ್ಲ.

ಬಿಸಿಯ ವಿಷಯದಲ್ಲಿ, ಪೂರ್ತಿ ಬಿಲ್ಡ್ ವೇಳೆ 9950ಎಕ್ಸ್ 95 ಡಿಗ್ರಿ ತೋರಿಸಿದರೆ ಗಾಬರಿ ಬೇಡ, ಅದರ ಮಿತಿಯೇ ಅಷ್ಟು. ನನಗೆ ಸಹಿಸಲಾಗದ್ದು ಫ್ಯಾನ್ ಶಬ್ದ. ಬಯೋಸ್‌ನಲ್ಲಿ ವಿದ್ಯುತ್ ಮಿತಿ ತಗ್ಗಿಸುವ ಇಕೋ ಮೋಡ್ ಹಾಕಿ 170 ವ್ಯಾಟಿನಿಂದ 105ಕ್ಕೆ ಇಳಿಸಿದ್ದೇನೆ. ಬಿಲ್ಡ್ ನಿಧಾನವಾಯಿತು ಅಂತ ನನಗೆ ಅನ್ನಿಸಿದ್ದೇ ಇಲ್ಲ, ಕೋಣೆ ಮಾತ್ರ ಶಾಂತವಾಯಿತು.

ಕೊಂಡು ತಂದು ಜೋಡಿಸಿ ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಾಗೇ ಇದ್ದರೆ ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಕಾಯಿರಿ. ಅಲ್ಲಿಯವರೆಗೆ ಸ್ವಿಚ್ ಮುಟ್ಟಬೇಡಿ.