ನಡಿಗೆ ಮುಗಿದ ಮೇಲೆ ಕೇಳಬೇಕಾದ ಲೆಕ್ಕ

ಮಾನ್ಯರೆ,

ಆಳಂದದಿಂದ ತಾವು ಬರೆದ ದೀರ್ಘ ಪತ್ರ ತಲುಪಿದೆ. ಅದನ್ನು ಪೂರ್ತಿಯಾಗಿ ಅಚ್ಚು ಹಾಕಲು ಸ್ಥಳ ಸಾಲದ್ದರಿಂದ, ಓದುಗರಿಗಾಗಿ ಅದರ ಸಾರವನ್ನಷ್ಟೇ ಹೇಳಿ ಉತ್ತರಕ್ಕೆ ತೊಡಗುತ್ತೇನೆ. ಪ್ರತಿ ವರ್ಷ ಫೆಬ್ರುವರಿ 4ರಂದು ಕಲಬುರಗಿಯ ಜಗತ್ ವೃತ್ತದಿಂದ ಕ್ಯಾನ್ಸರ್ ಜಾಗೃತಿ ನಡಿಗೆ ಹೊರಡುತ್ತದೆ. ಕಾಲೇಜಿನ ಮಕ್ಕಳಿಗೆ ಟೋಪಿ, ಟೀ ಶರ್ಟು ಹಂಚುತ್ತಾರೆ. ಟೋಪಿಯ ಮೇಲೆ ರೋಗದ ಹೆಸರಿಗಿಂತ ಪ್ರಾಯೋಜಕರ ಹೆಸರೇ ದೊಡ್ಡದಾಗಿರುತ್ತದೆ. ಭಾಷಣ, ಉಪ್ಪಿಟ್ಟು, ಚಹಾ ಆದ ಮೇಲೆ ಎಲ್ಲರೂ ಮನೆಗೆ ಹೋಗುತ್ತಾರೆ. ಅದೇ ಖರ್ಚಿನಲ್ಲಿ ಇಬ್ಬರು ಬಡವರ ಚಿಕಿತ್ಸೆಯಾದರೂ ಆಗುತ್ತಿತ್ತಲ್ಲವೇ ಎಂಬುದು ತಮ್ಮ ಮೊದಲ ಆಕ್ಷೇಪ. ಬ್ಯಾನರಿನ ಮೇಲೆ ‘ಸಂಶೋಧನೆಗೆ ಬೆಂಬಲ’ ಎಂದು ಬರೆದಿರುತ್ತಾರೆ, ಆ ಸಂಶೋಧನೆ ನಡೆಯುವುದೆಲ್ಲಿ, ನಮ್ಮ ಭಾಗದ ಜನರಿಗೆ ಅದರಿಂದ ಆದದ್ದೇನು ಎಂಬುದು ಎರಡನೆಯದು. ಇಂಥ ನಡಿಗೆಗಳ ಚಿತ್ರಗಳನ್ನು ಪತ್ರಿಕೆಯಲ್ಲಿ ಹಾಕುವುದನ್ನು ನಿಲ್ಲಿಸಿ ಎಂಬುದು ತಮ್ಮ ಬೇಡಿಕೆ. ಕೊನೆಗೆ ತಮ್ಮ ಮನೆಯ ಒಂದು ಪ್ರಶ್ನೆಯನ್ನೂ ಕೇಳಿದ್ದೀರಿ. ಅದಕ್ಕೆ ಕೊನೆಯಲ್ಲೇ ಬರುತ್ತೇನೆ.

ಖರ್ಚಿನ ಮಾತನ್ನು ಮೊದಲೇ ಮುಗಿಸಿಬಿಡೋಣ. ಟೋಪಿಗೆ ಬರುವ ದುಡ್ಡು ಟೋಪಿಗಾಗಿಯೇ ಬರುವ ದುಡ್ಡು. ತಮ್ಮ ಹೆಸರು ಊರ ತುಂಬ ಓಡಾಡಲಿ ಎಂದು ಅದನ್ನು ಕೊಡುವವರು, ನಡಿಗೆ ನಿಂತುಹೋದರೆ ರೋಗಿಯ ಹಾಸಿಗೆಯ ಬಳಿಗೆ ಬರುವುದಿಲ್ಲ, ಯಾವುದೋ ಕ್ರಿಕೆಟ್ ಪಂದ್ಯಾವಳಿಗೆ ಹೋಗುತ್ತಾರೆ. ಹಾಗಾಗಿ ಆ ಆಕ್ಷೇಪ ನನಗೆ ಅಷ್ಟು ತೂಕದ್ದೆಂದು ತೋರಲಿಲ್ಲ. ತೂಕದ ಮಾತು ತಮ್ಮ ಪತ್ರದಲ್ಲಿ ಬೇರೆಯೇ ಇದೆ. ‘ಹೋದ ವರ್ಷದ ತಪಾಸಣಾ ಶಿಬಿರದಲ್ಲಿ ಏನು ಕಂಡುಬಂತೆಂದು ಈ ವರ್ಷದ ವೇದಿಕೆಯಿಂದ ಯಾರೂ ಹೇಳಲಿಲ್ಲ’ ಎಂದು ಒಂದೇ ಸಾಲು ಬರೆದು ತಾವು ಮುಂದೆ ಹೋಗಿದ್ದೀರಿ. ನನ್ನ ಮಟ್ಟಿಗೆ ಇಡೀ ಪತ್ರದ ಸತ್ವ ಆ ಸಾಲಿನಲ್ಲಿದೆ.

ದಿನಾಚರಣೆಗಳಿಗಂತೂ ನಮ್ಮಲ್ಲಿ ಬರವಿಲ್ಲ. 2000ದ ಫೆಬ್ರುವರಿ 4ರಂದು ಪ್ಯಾರಿಸ್ಸಿನ ಸಮಾವೇಶವೊಂದರಲ್ಲಿ ಸಹಿಯಾದ ಸನ್ನದಿನಿಂದ ವಿಶ್ವ ಕ್ಯಾನ್ಸರ್ ದಿನ ಬಂತು. ಮೇರಿ ಕ್ಯೂರಿಯ ಜನ್ಮದಿನವಾದ ನವೆಂಬರ್ 7 ನಮ್ಮ ದೇಶದಲ್ಲಿ 2014ರಿಂದ ರಾಷ್ಟ್ರೀಯ ಕ್ಯಾನ್ಸರ್ ಜಾಗೃತಿ ದಿನವಾಗಿದೆ. ಮೇ 31 ತಂಬಾಕು ವಿರೋಧಿ ದಿನ, ಅಕ್ಟೋಬರ್ ಇಡೀ ಸ್ತನ ಕ್ಯಾನ್ಸರಿನ ತಿಂಗಳು. ಆದರೆ ಓಡಿ, ನಡೆದು ಸಂಶೋಧನೆಗೆ ಹಣ ಕೂಡಿಸುವ ವಾರ್ಷಿಕ ಕೂಟ ಹೇಗಿರಬೇಕೆಂದು ತಿಳಿಯಲು ಕೆನಡಾದ ಟೆರಿ ಫಾಕ್ಸ್ ಎಂಬ ಯುವಕನ ಕಥೆಯನ್ನು ನೋಡಬೇಕು. 1977ರಲ್ಲಿ ಮೂಳೆಯ ಕ್ಯಾನ್ಸರಿನಿಂದ ಬಲಗಾಲನ್ನು ಕಳೆದುಕೊಂಡ ಆತನಿಗೆ ವೈದ್ಯರು, ಈ ರೋಗದಲ್ಲಿ ಬದುಕುಳಿಯುವ ಸಾಧ್ಯತೆ ಎರಡೇ ವರ್ಷಗಳ ಹಿಂದೆ ನೂರಕ್ಕೆ 15ರಷ್ಟಿತ್ತು, ಈಗ ಹೊಸ ಔಷಧಿಗಳಿಂದ 50ಕ್ಕೆ ಏರಿದೆ ಎಂದಿದ್ದರು. ಸಂಶೋಧನೆ ಎಂದರೇನೆಂಬುದು ಆ ಎರಡು ಸಂಖ್ಯೆಗಳಿಂದ ಅವನಿಗೆ ಅರ್ಥವಾಗಿತ್ತು. 1980ರ ಏಪ್ರಿಲ್ 12ರಂದು ಕೃತಕ ಕಾಲಿನಲ್ಲಿ ದೇಶದ ಪೂರ್ವ ತೀರದಿಂದ ಓಡಲು ಹೊರಟ ಅವನು, ಪ್ರತಿ ಪ್ರಜೆಯೂ ಒಂದೊಂದು ಡಾಲರ್ ಕೊಡಲಿ ಎಂದು ಕೇಳಿದ. 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ ಮೇಲೆ ರೋಗ ಶ್ವಾಸಕೋಶಕ್ಕೆ ಹರಡಿ ನಿಲ್ಲಬೇಕಾಯಿತು. ಮರುವರ್ಷ ಜೂನ್‌ನಲ್ಲಿ, 22ನೆಯ ವಯಸ್ಸಿಗೆ, ತೀರಿಕೊಂಡ. ಅಷ್ಟರಲ್ಲಿ ಕೇಳಿದ್ದಷ್ಟೂ, ಅಂದರೆ ಕೆನಡಾದ ಜನಸಂಖ್ಯೆಗೆ ಸಮನಾಗಿ 2.4 ಕೋಟಿ ಡಾಲರ್, ಸೇರಿತ್ತು. 1981ರಿಂದ ಅವನ ಹೆಸರಿನ ಓಟ ವರ್ಷವರ್ಷವೂ ನಡೆಯುತ್ತಿದೆ. ಅವನ ಇಚ್ಛೆಯಂತೆ ಅದರಲ್ಲಿ ಗೆದ್ದವರು, ಸೋತವರು ಎಂಬುದಿಲ್ಲ. ಕಂಪನಿಗಳ ಜಾಹೀರಾತಿಗೂ ಜಾಗವಿಲ್ಲ. ತಮ್ಮ ಟೋಪಿಯ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದುಕೊಳ್ಳುತ್ತೇನೆ.

ನಮ್ಮ ಜಗತ್ ವೃತ್ತದ ನಡಿಗೆ ಯಾರಿಂದಲೂ ಒಂದು ರೂಪಾಯಿ ಕೂಡಿಸುವುದಿಲ್ಲ. ಹಾಗಿರುವಾಗ ‘ಸಂಶೋಧನೆಗೆ ಬೆಂಬಲ’ ಎಂಬ ಮಾತನ್ನು ಬ್ಯಾನರಿನಿಂದ ತೆಗೆದುಹಾಕುವುದು ಲೇಸು. ಇಷ್ಟರಮಟ್ಟಿಗೆ ತಮ್ಮ ಮಾತನ್ನು ಒಪ್ಪುತ್ತೇನೆ.

ಆದರೆ ಸಂಶೋಧನೆ ನಮ್ಮಿಂದ ದೂರದಲ್ಲೆಲ್ಲೋ ನಡೆಯುವ ಕೆಲಸ ಎಂಬ ತಮ್ಮ ಮಾತನ್ನು ಒಪ್ಪಲಾರೆ. ತಾವಿರುವ ಆಳಂದದಿಂದ ಖಜೂರಿ ದಾಟಿ ಉಮರ್ಗಾದ ದಾರಿ ಹಿಡಿದರೆ ಸಿಗುವ ಮಹಾರಾಷ್ಟ್ರದ ಧಾರಾಶಿವ ಜಿಲ್ಲೆ, ಅಂದರೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿ ನಮ್ಮೊಂದಿಗೇ ಇದ್ದ ಹಳೆಯ ಉಸ್ಮಾನಾಬಾದ್, ಗರ್ಭಕಂಠದ ಕ್ಯಾನ್ಸರ್ ತಡೆಯ ವಿಷಯದಲ್ಲಿ ಜಗತ್ತಿನ ವೈದ್ಯರೆಲ್ಲ ಹೆಸರೆತ್ತುವ ಜಾಗ. 1999ರಿಂದ ಅಲ್ಲಿನ ಹಳ್ಳಿಗಳನ್ನು 52 ಗುಂಪುಗಳಾಗಿ ವಿಂಗಡಿಸಿ, 30ರಿಂದ 59 ವಯಸ್ಸಿನ 1,31,746 ಆರೋಗ್ಯವಂತ ಹೆಂಗಸರನ್ನು ಸೇರಿಸಿಕೊಂಡು ಒಂದು ದೊಡ್ಡ ಪ್ರಯೋಗ ನಡೆಯಿತು. ಒಂದು ಭಾಗದವರಿಗೆ ಈ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಾಣುವಿನ ಪರೀಕ್ಷೆ, ಇನ್ನೊಂದು ಭಾಗದವರಿಗೆ ಗರ್ಭಕಂಠದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆ, ಮತ್ತೊಂದು ಭಾಗದವರಿಗೆ ಗರ್ಭಕಂಠಕ್ಕೆ ಅಸಿಟಿಕ್ ಆಮ್ಲದ ತೆಳುದ್ರಾವಣ ಹಚ್ಚಿ ಒಂದು ನಿಮಿಷದಲ್ಲಿ ಬಿಳಿ ಮಚ್ಚೆ ಏಳುತ್ತದೆಯೇ ಎಂದು ಕಣ್ಣಿನಿಂದಲೇ ನೋಡುವ ಪರೀಕ್ಷೆ. ಉಳಿದವರಿಗೆ ಆಗ ರೂಢಿಯಲ್ಲಿದ್ದ ಆರೈಕೆ ಮಾತ್ರ. ಎಂಟು ವರ್ಷಗಳ ನಂತರ ಲೆಕ್ಕ ಹಾಕಿದಾಗ, ಒಂದೇ ಒಂದು ಬಾರಿ ಎಚ್‌ಪಿವಿ ಪರೀಕ್ಷೆಗೆ ಒಳಪಟ್ಟ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34 ಮಂದಿ, ಪರೀಕ್ಷೆ ಇಲ್ಲದ ಗುಂಪಿನಲ್ಲಿ 64. 2009ರಲ್ಲಿ ಪ್ರಕಟವಾದ ಈ ಫಲಿತಾಂಶ ಅನೇಕ ದೇಶಗಳ ತಪಾಸಣಾ ನೀತಿಯ ಚರ್ಚೆಯಲ್ಲಿ ಆಧಾರವಾಯಿತು. ಪರೀಕ್ಷೆಯಿಲ್ಲದೆ ಬಿಟ್ಟ ಆ ಗುಂಪಿನ ಹೆಂಗಸರಿಗೆ ಅನ್ಯಾಯವಾಯಿತೆಂಬ ವಾದವೂ ಆಮೇಲೆ ಎದ್ದಿತು. ಆ ವಾದವನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಆ 64 ಸಾವುಗಳು ನಮ್ಮ ಪಕ್ಕದ ಊರುಗಳ ಮನೆಗಳಲ್ಲಿ ಆದವು.

ಅದೇ ಭಾಗದ ಬಾರ್ಶಿಯ ಕಥೆ ತಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಸೊಲ್ಲಾಪುರ ಜಿಲ್ಲೆಯ ಈ ಊರಿನ ಕ್ಯಾನ್ಸರ್ ಆಸ್ಪತ್ರೆಯನ್ನು ಆಧರಿಸಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ನಗರಗಳಲ್ಲಿ ಆಸ್ಪತ್ರೆಯ ದಾಖಲೆ ನೋಡಿ ರೋಗಿಗಳನ್ನು ಎಣಿಸಬಹುದು. ಹಳ್ಳಿಯವರು ಆಸ್ಪತ್ರೆಗೇ ಬರದಿದ್ದರೆ ಎಣಿಸುವುದೇನನ್ನು? ಹಾಗಾಗಿ ಅಲ್ಲಿನ ಕ್ಷೇತ್ರ ಸಿಬ್ಬಂದಿ ಊರೂರಿಗೆ ಹೋಗಿ, ಜನರನ್ನು ಕೂಡಿಸಿ, ಮುಟ್ಟು ನಿಂತ ಮೇಲೂ ರಕ್ತ ಹೋಗುವುದು, ವಾಸಿಯಾಗದ ಬಾಯಿ ಹುಣ್ಣು, ಎದೆಯಲ್ಲಿ ಗಂಟು ಇವುಗಳ ಬಗ್ಗೆ ತಿಳಿಹೇಳಿ, ಲಕ್ಷಣ ಇದ್ದವರನ್ನು ಆಸ್ಪತ್ರೆಗೆ ಕಳಿಸಿ, ಮತ್ತೆ ಅದೇ ಊರಿಗೆ ಹೋಗಿ ವಿಚಾರಿಸುತ್ತಿದ್ದರು. ಕೆಲವೇ ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಆರಂಭದ ಹಂತದಲ್ಲೇ ಪತ್ತೆಯಾಗುವವರ ಪ್ರಮಾಣ ಏರಿತು. ಗಮನಿಸಿ, ಅಲ್ಲಿ ದೊಡ್ಡ ಯಂತ್ರ ಬಂದಿರಲಿಲ್ಲ. ಜನ ಸೇರಿದ್ದರು, ಸೇರಿಸಿದವರು ತಿರುಗಿ ಬಂದಿದ್ದರು, ಅಷ್ಟೇ. ಮುಂದೆ ಗರ್ಭಕಂಠದ ಕ್ಯಾನ್ಸರಿನ ಲಸಿಕೆಯ ಅಧ್ಯಯನ ನಡೆದ ಭಾರತದ ಕೇಂದ್ರಗಳಲ್ಲಿಯೂ ಬಾರ್ಶಿ ಒಂದಾಯಿತು. 2010ರಲ್ಲಿ ಸರ್ಕಾರ ಇಂಥ ಅಧ್ಯಯನಗಳಲ್ಲಿ ಲಸಿಕೆ ಹಾಕುವುದನ್ನು ನಿಲ್ಲಿಸಿದ್ದರಿಂದ ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಹತ್ತು ವರ್ಷ ಬಿಡದೆ ಅವರನ್ನು ಗಮನಿಸಿದಾಗ ಒಂದು ಡೋಸ್ ಕೂಡ ಚೆನ್ನಾಗಿಯೇ ರಕ್ಷಿಸುತ್ತದೆ ಎಂದು ತಿಳಿಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವರ್ಷದವರಿಗೆ ಒಂದು ಡೋಸ್ ಸಾಕೆನ್ನುವ ಕ್ರಮವನ್ನು ಒಪ್ಪಿದ್ದರ ಹಿಂದೆ ಇಂಥ ಸಾಕ್ಷ್ಯಗಳಿವೆ.

ತಿರುಗಿ ಬರುವುದು ಎಷ್ಟು ಮುಖ್ಯವೆಂದು ತಿಳಿಯಲು ಇನ್ನೊಂದು ಹೋಲಿಕೆ ನೋಡಬಹುದು. ಉಸ್ಮಾನಾಬಾದಿನ ಪ್ರಯೋಗದಲ್ಲಿ ಅಸಿಟಿಕ್ ಆಮ್ಲದ ಪರೀಕ್ಷೆಯನ್ನು ಒಂದು ಸಲ ಮಾಡಿ ಬಿಟ್ಟಾಗ ಸಾವುಗಳು ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಅದೇ ಪರೀಕ್ಷೆಯನ್ನು ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರ ಕೈಯಲ್ಲಿ, ಎರಡೆರಡು ವರ್ಷಕ್ಕೊಮ್ಮೆ ನಾಲ್ಕು ಸುತ್ತು ಮಾಡಿಸಿದಾಗ ಗರ್ಭಕಂಠದ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಕಡಿಮೆಯಾಯಿತು. ವ್ಯತ್ಯಾಸಕ್ಕೆ ಬೇರೆ ಕಾರಣಗಳೂ ಇದ್ದಾವು. ಆದರೂ ವರ್ಷವರ್ಷವೂ ಒಂದೇ ದಿನ ಒಂದೇ ಊರಿನಲ್ಲಿ ಜನ ಸೇರುತ್ತಾರೆಂಬುದು ಸಣ್ಣ ಅನುಕೂಲವಲ್ಲ ಎಂದು ನಾನು ಹೇಳುವುದು ಇದೇ ಆಧಾರದ ಮೇಲೆ. ಬಿತ್ತಿದವರು ಕಳೆ ತೆಗೆಯಲು ಹೊಲಕ್ಕೆ ಹೋಗದಿದ್ದರೆ ತಪ್ಪು ಬೀಜದ್ದಲ್ಲ. ನಮ್ಮ ನಡಿಗೆಯ ದೋಷ ಅದು ವಾರ್ಷಿಕವಾಗಿರುವುದಲ್ಲ. ಹನ್ನೆರಡು ತಿಂಗಳ ಹಿಂದೆ ತಾನು ಮಾಡಿದ್ದನ್ನು ತಾನೇ ಮರೆತು ಬರುವುದು.

ಹಾಗಾದರೆ ನಡಿಗೆಯ ಕೊನೆಯಲ್ಲಿ ಏನಿರಬೇಕು? ಉಪ್ಪಿಟ್ಟಿನ ಮೇಜಿನ ಪಕ್ಕದಲ್ಲಿ ಇನ್ನೊಂದು ಮೇಜು ಹಾಕಿ, ಒಬ್ಬ ದಂತವೈದ್ಯರನ್ನೋ ತರಬೇತಾದ ದಾದಿಯನ್ನೋ ಕೂರಿಸಿದರೆ ಬಾಯಿ ತಪಾಸಣೆಯಂತೂ ಅಲ್ಲೇ ಆಗುತ್ತದೆ. ಬೇಕಾಗುವುದು ಬ್ಯಾಟರಿ, ಕೈಗವಸು, ಒಂದು ಪುಟ್ಟ ಕನ್ನಡಿ. ಮೊದಲು ಬಾಯಿ ಪೂರ್ತಿ ತೆರೆಯಲು ಹೇಳುತ್ತಾರೆ. ಸ್ವಂತ ಮೂರು ಬೆರಳುಗಳು ಮೇಲಿಂದ ಕೆಳಕ್ಕೆ ಹಲ್ಲುಗಳ ನಡುವೆ ಹಿಡಿಯದಿದ್ದರೆ ಅಡಿಕೆ ಜಗಿದು ಕೆನ್ನೆಯ ಒಳಪದರ ಬಿಗಿದಿದೆಯೇ ಎಂದು ಅನುಮಾನಿಸಬೇಕು. ಆಮೇಲೆ ಕೆನ್ನೆಯನ್ನು ಹೊರಕ್ಕೆ ಸರಿಸಿ, ತಂಬಾಕಿನ ಪುಡಿ ಇಟ್ಟುಕೊಳ್ಳುವ ಕಡೆಯ ಒಸಡಿನ ಸಂದಿ ನೋಡುತ್ತಾರೆ. ಉಜ್ಜಿದರೂ ಹೋಗದ ಬಿಳಿ ಪದರ, ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು ಇದೆಯೇ ಎಂದು ಗಮನಿಸಿ, ನಾಲಿಗೆ ಎತ್ತಿಸಿ ಅದರ ಅಡಿಯನ್ನೂ ಅಂಚುಗಳನ್ನೂ ನೋಡಿ, ಕೊನೆಗೆ ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುತ್ತದೆಯೇ ಎಂದು ಮುಟ್ಟಿ ನೋಡುತ್ತಾರೆ. ಐದು ನಿಮಿಷ ಹಿಡಿಯುವುದಿಲ್ಲ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ನಡೆದ ಪ್ರಯೋಗದಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಪದವೀಧರರೇ ಮನೆಮನೆಗೆ ಹೋಗಿ ಹೀಗೆ ನೋಡಿದರು; ಮೂರು ವರ್ಷಕ್ಕೊಮ್ಮೆಯಂತೆ ಮೂರು ಸುತ್ತು ನೋಡಿದ ಮೇಲೆ, ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ನೂರಕ್ಕೆ 34ರಷ್ಟು ಇಳಿದಿತ್ತು.

ನಮ್ಮ ಭಾಗಕ್ಕೆ ಈ ಮೇಜು ಏಕೆ ಬೇಕೆಂದು ತಮಗೆ ಹೇಳಬೇಕಿಲ್ಲ. ಕರ್ನಾಟಕದಲ್ಲಿ 2013ರ ಮೇ 31ರಂದೇ ಗುಟ್ಕಾ ನಿಷೇಧವಾಯಿತು. ಅಂದಿನಿಂದ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ; ಅಂಗೈಯಲ್ಲಿ ಬೆರೆಸಿಕೊಂಡರೆ ನಿಷೇಧ ಮುಗಿಯಿತು. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರ ವರದಿಯಲ್ಲೇ ಹೇಳಿದೆ. ಇನ್ನು ಗಂಡಸರ ಗುಟ್ಕಾ ಎಲ್ಲರಿಗೂ ಕಾಣುತ್ತದೆ. ಮನೆಯ ಹಿತ್ತಲಿನಲ್ಲಿ ಹೆಂಗಸರು ಹಲ್ಲಿಗೆ ತಿಕ್ಕುವ ಹುರಿದ ತಂಬಾಕಿನ ಪುಡಿ ಯಾವ ಫಲಕದಲ್ಲೂ ಇರುವುದಿಲ್ಲ.

ನಡಿಗೆಯ ದಿನಾಂಕದ ಬಗ್ಗೆಯೂ ನನಗೆ ತಕರಾರಿದೆ. ಫೆಬ್ರುವರಿ ಮೊದಲ ವಾರವೆಂದರೆ ನಮ್ಮಲ್ಲಿ ಕಡಲೆ, ಬಿಳಿಜೋಳದ ಸುಗ್ಗಿ. ಯಾರಿಗೆ ಈ ಮಾತು ಮುಟ್ಟಬೇಕೋ ಆ ಹೆಂಗಸರು ಅಂದು ಹೊಲದಲ್ಲಿರುತ್ತಾರೆ. ಊರಿನ ಜನ ಒಟ್ಟಿಗೆ ಸಿಗುವ ದಿನಗಳು ಬೇರೆ ಇವೆ: ಹೋಳಿ ಹಬ್ಬಕ್ಕೆ ತಾಂಡಾದವರು ಎಲ್ಲಿದ್ದರೂ ಮರಳುತ್ತಾರೆ, ಅದಾದ ಕೆಲವೇ ದಿನಗಳಲ್ಲಿ ಶರಣಬಸವೇಶ್ವರರ ಜಾತ್ರೆ ಬರುತ್ತದೆ, ಬಂದೇ ನವಾಜರ ಉರುಸಿಗೆ, ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಸೇರುವ ಜನ ಯಾವ ನಡಿಗೆಗೂ ಸೇರರು. ಬಾಯಿ ತಪಾಸಣೆಯ ಮೇಜು ಅಲ್ಲಿ ಸಲೀಸಾಗಿ ನಡೆದೀತು. ಗರ್ಭಕಂಠದ ಪರೀಕ್ಷೆಗೆ ಮಾತ್ರ ಜಾತ್ರೆ ಸಲ್ಲದು. ಅದಕ್ಕೆ ಮರೆ ಬೇಕು, ಹೆಣ್ಣು ಸಿಬ್ಬಂದಿ ಬೇಕು, ಪರಿಚಯದ ಆಶಾ ಅಕ್ಕ ಜೊತೆಗೆ ಬರಬೇಕು. 30 ದಾಟಿದವರ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲಿ ಇದ್ದೇ ಇದೆ. ಸಂಘಟಕರು ಹೊಸದೇನನ್ನೂ ಕಟ್ಟಬೇಕಿಲ್ಲ, ಒಂದು ರಿಜಿಸ್ಟರ್ ಇಟ್ಟು, ಯಾರನ್ನು ಮುಂದಿನ ಪರೀಕ್ಷೆಗೆ ಕಳಿಸಿದರೋ ಅವರು ಹೋದರೇ ಇಲ್ಲವೇ ಎಂದು ಅದೇ ಆಶಾ ಅಕ್ಕನನ್ನು ತಿಂಗಳೊಳಗೆ ಕೇಳಿದರೆ ಸಾಕು.

ಚಿತ್ರಗಳ ಬಗ್ಗೆ: ನಿಲ್ಲಿಸುವುದಿಲ್ಲ. ಆದರೆ ಮುಂದಿನ ವರ್ಷದಿಂದ, ನಡಿಗೆಯ ಚಿತ್ರ ಕಳಿಸುವ ಸಂಘಟಕರು ಮೂರು ಸಂಖ್ಯೆಗಳನ್ನೂ ಕಳಿಸಬೇಕು: ಹಿಂದಿನ ವರ್ಷ ತಪಾಸಣೆಯಾದವರೆಷ್ಟು, ಮುಂದಿನ ಪರೀಕ್ಷೆಗೆ ಕಳಿಸಿದ್ದು ಎಷ್ಟು ಮಂದಿಯನ್ನು, ಹೋಗಿ ಮುಟ್ಟಿದವರೆಷ್ಟು. ಹೆಸರುಗಳು ಬೇಡ, ಬೇಡವೇ ಬೇಡ. ಸಂಖ್ಯೆ ಬಂದರೆ ಚಿತ್ರದ ಕೆಳಗೆ ಅಚ್ಚಾಗುತ್ತದೆ. ಬಾರದಿದ್ದರೆ ಬಂದಿಲ್ಲವೆಂದು ಅಚ್ಚಾಗುತ್ತದೆ. ಹಸಿರು ಬಾವುಟ ಹಿಡಿದವರಿಗೆ ಇದು ಸ್ವಲ್ಪ ಇರುಸುಮುರುಸಾದೀತು, ಆಗಲಿ.

ಇನ್ನು ತಮ್ಮ ಮನೆಯ ಪ್ರಶ್ನೆ. ತಮ್ಮ ಸೊಸೆಗೆ ಹೋದ ವರ್ಷದ ಶಿಬಿರದಲ್ಲಿ ಆಮ್ಲದ ಪರೀಕ್ಷೆಯಲ್ಲಿ ಬಿಳಿ ಮಚ್ಚೆ ಕಂಡು ದೊಡ್ಡ ದವಾಖಾನೆಗೆ ಹೋಗಲು ಚೀಟಿ ಕೊಟ್ಟರೆಂದೂ, ನೋವಿಲ್ಲ, ರಕ್ತವಿಲ್ಲ, ಮೇಲಾಗಿ ಯಾರೂ ವಿಚಾರಿಸಲಿಲ್ಲ ಎಂದು ಆಕೆ ಹೋಗಲಿಲ್ಲವೆಂದೂ ಬರೆದು, ಈಗ ಹೋಗಬೇಕೇ ಎಂದು ಕೇಳಿದ್ದೀರಿ. ಹೋಗಬೇಕು, ಇದೇ ವಾರ ಹೋಗಬೇಕು. ಚೀಟಿ ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಕೆಲವರಿಗೆ ಬರೀ ಸೋಂಕು, ಕೆಲವರಿಗೆ ಮುಂದೆ ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರಾಗಬಹುದಾದ ಬದಲಾವಣೆ. ಅಂಥ ಬದಲಾವಣೆಯನ್ನು ಬಹುಮಟ್ಟಿಗೆ ಒಂದೇ ಭೇಟಿಯಲ್ಲಿ, ಮೈ ಕೊಯ್ಯದೆ, ತಣ್ಣಗಾಗಿಸಿಯೋ ಬಿಸಿ ತಾಗಿಸಿಯೋ ತೆಗೆದುಹಾಕುತ್ತಾರೆ. ಅಲ್ಲಿ ದುರ್ಬೀನಿನಂಥ ಸಾಧನದಿಂದ ಗರ್ಭಕಂಠವನ್ನು ದೊಡ್ಡದಾಗಿ ನೋಡಿ, ಅಗತ್ಯ ಕಂಡರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಆಕೆಗೆ ಇದನ್ನು ಮೊದಲೇ ಹೇಳಿ, ಇಲ್ಲದಿದ್ದರೆ ಅಲ್ಲಿ ಗಾಬರಿಯಾಗುತ್ತಾಳೆ. ಮುಟ್ಟಿನ ದಿನಗಳನ್ನು ಬಿಟ್ಟು ಹೋಗಲಿ. ನೇರವಾಗಿ ಖಾಸಗಿಗೆ ಹೋಗದೆ ಮೊದಲು ಆಳಂದದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಅಲ್ಲಿಂದ ರೆಫರಲ್ ಬರೆಸಿಕೊಳ್ಳಿ, ಮುಂದೆ ಚಿಕಿತ್ಸೆ ಬೇಕಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗೆ ಆ ಕಾಗದ ಬೇಕಾಗುತ್ತದೆ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ, ಬೆಂಗಳೂರಿನ ತನಕ ಓಡುವ ಪ್ರಶ್ನೆ ಈಗಿಲ್ಲ. ಹೋಗುವಾಗ ಹಳೆಯ ಚೀಟಿ, ಆಧಾರ್ ಕಾರ್ಡು, ರೇಷನ್ ಕಾರ್ಡು ಕೈಯಲ್ಲಿರಲಿ, ಚೀಟಿ ಕಳೆದಿದ್ದರೆ ಪರೀಕ್ಷೆಯಾದ ತಿಂಗಳು ಮತ್ತು ಊರನ್ನು ಹೇಳಿದರೂ ನಡೆಯುತ್ತದೆ.

ಸಂಪಾದಕ