ಅಮ್ಮನ ಮೂಗಿನ ಟ್ಯೂಬ್ ತೆಗೆಯುವ ಬಗ್ಗೆ

ಸ್ಟ್ರೋಕ್ ಆಗಿ ಎಂಟು ತಿಂಗಳಾದರೂ ಪ್ರಜ್ಞೆ ಬಾರದ ಅಮ್ಮನಿಗೆ ಆಹಾರ ಕೊಡುವ ಮೂಗಿನ ಟ್ಯೂಬ್ ತೆಗೆಯಬಹುದಾ, ಅದು ಉಪವಾಸ ಕೆಡವಿ ಕೊಂದ ಹಾಗಲ್ವಾ ಎಂದು ಕೇರಳದ ಬದಿಯಡ್ಕದಿಂದ ಕೇಳಿದ್ದೀರಿ.

ತೆಗೆದುಬಿಡೋಣ ಎಂದು ನಿಮ್ಮ ಅಣ್ಣ ಎಷ್ಟೇ ಹೇಳಲಿ, ಮನೆಯಲ್ಲಿ ನೀವಾಗಿಯೇ ಟ್ಯೂಬ್ ಎಳೆಯಬೇಡಿ. ಇಂಥ ಚಿಕಿತ್ಸೆ ನಿಲ್ಲಿಸುವುದಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಒಂದು ದಾರಿ ಹಾಕಿಕೊಟ್ಟಿತು, 2023ರಲ್ಲಿ ಸ್ವಲ್ಪ ಸುಲಭ ಮಾಡಿತು. ಆಸ್ಪತ್ರೆಯ ಮೂವರು ಡಾಕ್ಟರರ ಬೋರ್ಡ್ ಮೊದಲು ನೋಡಬೇಕು. ಆಮೇಲೆ ಇನ್ನೊಂದು ಬೋರ್ಡ್. ಅದರಲ್ಲಿ ಜಿಲ್ಲಾ ವೈದ್ಯಾಧಿಕಾರಿ ಹೆಸರಿಸಿದ ಒಬ್ಬರು ಇರುತ್ತಾರೆ. ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಬೋರ್ಡ್ ಒಪ್ಪದಿದ್ದರೆ ಎರ್ನಾಕುಳಂನಲ್ಲಿರುವ ಕೇರಳ ಹೈಕೋರ್ಟಿಗೆ ಹೋಗಬಹುದು.

ಇನ್ನು ಪಾಪದ ಮಾತು. ನನ್ನ ಪ್ರಕಾರ ಟ್ಯೂಬ್ ಊಟವಲ್ಲ, ಚಿಕಿತ್ಸೆ. ಆಗ ಇಂಗ್ಲೆಂಡಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಕೂಡ 1993ರಲ್ಲಿ, ಪ್ರಜ್ಞೆ ಬಾರದೆ ಟ್ಯೂಬಿನ ಮೇಲಿದ್ದ ಟೋನಿ ಬ್ಲಾಂಡ್ ಎಂಬ ಯುವಕನ ಪ್ರಕರಣದಲ್ಲಿ ಹಾಗೇ ನೋಡಿತು. ಆದರೆ ನಿಮ್ಮ ತಂಗಿಯ ಹತ್ತಿರ ಕೋರ್ಟಿನ ಮಾತು ಆಡಬೇಡಿ. ದಿನಾ ಟ್ಯೂಬಿಗೆ ಗಂಜಿತಿಳಿ ಹೊಯ್ಯುವವಳು ಅವಳು. ಕೊನೆಯ ಹಂತದಲ್ಲಿ ದೇಹ ಹೆಚ್ಚಾಗಿ ಹಸಿವು ಕೇಳುವುದಿಲ್ಲ, ಬಾಯಿ ಮಾತ್ರ ಒಣಗುತ್ತದೆ, ಅದನ್ನು ಒದ್ದೆ ಮಾಡುತ್ತಿರಬೇಕು ಎಂದು ತಿಳಿದವರು ಹೇಳಿದರೆ ಕೇಳಿಯಾಳು. ಪಂಚಾಯತಿನ ಪಾಲಿಯೇಟಿವ್ (ನರಳಾಟ ತಗ್ಗಿಸುವ ಆರೈಕೆಯ) ನರ್ಸ್ ಮನೆಗೆ ಬರುತ್ತಾರಲ್ಲ, ಅಣ್ಣ ತಂಗಿ ಇಬ್ಬರೂ ಇರುವಾಗ ಅವರನ್ನು ಕರೆಸಿ.

ಹುಷಾರಿದ್ದಾಗ ಅಮ್ಮ ಈ ಬಗ್ಗೆ ಏನಾದರೂ ಹೇಳಿದ್ದರಾ? ನಿಮ್ಮ ಮೂವರ ಅಭಿಪ್ರಾಯಕ್ಕಿಂತ ಅದಕ್ಕೇ ತೂಕ ಜಾಸ್ತಿ. ಹಾಗೇ, ಆಸ್ಪತ್ರೆಯ ಕಾಗದ ಮಲಯಾಳದಲ್ಲಿದ್ದರೆ ಓದಿಸಿಕೊಳ್ಳದೆ ಸುಮ್ನೆ ಸಹಿ ಹಾಕಬೇಡಿ.